ಕೊಲೆ, ಉನ್ಮಾದ, ಅಂತಸ್ಸಾಕ್ಷಿ: ಎಡ್ಗರ್ ಆಲನ್ ಪೋನ ಎರಡು ಕಥೆಗಳು

ಗಾಥಿಕ್ ಕಥೆಯೆಂದೊಡನೆ ಪಾಳುಕೋಟೆ, ನೆಲಮಾಳಿಗೆಯ ಕತ್ತಲೆ, ನಡುರಾತ್ರಿಯ ಪ್ರೇತ ಮೊದಲಾದುವು ವಾಚಕರ ಮನಸ್ಸಿಗೆ ಬರುವುವು. 1764ನೆಯ ಇಸವಿಯ ಕೊನೆಯಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲನು ಓಟ್ರಾಂಟೋ ಕೋಟೆಯ ಕಥೆಯನ್ನು ಪ್ರಕಟಿಸಿದಂದಿನಿಂದ ಈ ಸಾಮಗ್ರಿಯೇ ರೂಢಿಯಾಗಿದ್ದಿತು. ನಮ್ಮ ಆಲಂಕಾರಿಕರೂ ವಿಕೃತಧ್ವನಿ, ಶೂನ್ಯಗೃಹ ಮೊದಲಾದುವನ್ನು ಭಯಾನಕರಸದ ವಿಭಾವಗಳೆಂದು ಎಣಿಸಿರುವರಷ್ಟೆ. ಅಮೆರಿಕೆಯ ಎಡ್ಗರ್ ಆಲನ್ ಪೋ (1809–1849) ಎಂಬ ಕವಿಯಾದರೋ ಈ ವಿಭಾವಗಳನ್ನು ಹೊರಗಿನಿಂದ ತೆಗೆದು ಕೊಲೆಗಾರನ ತಲೆಯೊಳಗೇ ಇರಿಸಿದನು. ಆ ಕಾಲದಲ್ಲಿಯೇ, ಬುದ್ಧಿ ಕೆಟ್ಟವನು ಕೊಲೆ ಮಾಡಿದರೆ ಅವನನ್ನು ದಂಡಿಸುವುದು ನ್ಯಾಯವೇ ಎಂಬ ಪ್ರಶ್ನೆಯು ನ್ಯಾಯಸ್ಥಾನಗಳನ್ನು ಕಲಕುತ್ತಿದ್ದಿತು. ಈ ಪ್ರಶ್ನೆಯೊಡನೆ ಕೂಡಿಸಿ ಓದಿದಲ್ಲದೆ ಆ ಕಥೆಗಳ ಸ್ವಾರಸ್ಯವು ಪೂರ್ಣವಾಗಿ ತಿಳಿಯದು.

'ಗುಟ್ಟು ಹೊರಗೆಡಹುವ ಹೃದಯ'ವೆಂದು ನಾವು ಕರೆಯಬಹುದಾದ ಕಥೆಯು 1843ರ ಜನವರಿಯಲ್ಲಿ ಬಾಸ್ಟನ್ನಿನ 'ಪಯೊನೀರ್' ಎಂಬ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಕಥೆ ಹೇಳುವವನೇ ಕೊಲೆಗಾರನು. ತಾನು ಹುಚ್ಚನಲ್ಲವೆಂದು ಸಾಧಿಸುವುದೇ ಅವನ ಉದ್ದೇಶ. ಮುದುಕನ ಮೇಲೆ ಅವನಿಗೆ ದ್ವೇಷವಿಲ್ಲ, ಅವನ ಹೊನ್ನಿನ ಮೇಲೆ ಆಸೆಯಿಲ್ಲ. ರಣಹದ್ದಿನ ಕಣ್ಣಿನಂತೆ ಪೊರೆಗಟ್ಟಿದ್ದ ಒಂದು ಕಣ್ಣನ್ನು ಮಾತ್ರ ಸಹಿಸಲಾರನು. ಏಳು ರಾತ್ರಿ ಇಣಿಕಿ ನೋಡಿ, ಎಂಟನೆಯ ರಾತ್ರಿ ಕೊಂದು, ಶವವನ್ನು ತುಂಡರಿಸಿ ನೆಲಹಲಗೆಗಳ ಕೆಳಗೆ ಅಡಗಿಸುವನು. ಪೋಲೀಸಿನವರು ಮೂವರು ಬಂದಾಗ ಆ ಹಲಗೆಗಳ ಮೇಲೆಯೇ ಕುರ್ಚಿ ಹಾಕಿಕೊಂಡು ನಿಶ್ಚಿಂತೆಯಿಂದ ಹರಟುವನು. ಅಷ್ಟರಲ್ಲಿ ಹೃದಯವೊಂದರ ಬಡಿತವು ಕೇಳತೊಡಗುವುದು. ಅದು ಏರುತ್ತ ಏರುತ್ತ ಸಹಿಸಲಶಕ್ಯವಾಗಲು, ತಾನೇ ಕೂಗಿ ತಪ್ಪನ್ನು ಒಪ್ಪಿಕೊಳ್ಳುವನು.

ಇದಕ್ಕೆ ಪ್ರೇರಣೆಯೆಂದು ವಿದ್ವಾಂಸರು ಊಹಿಸುವ ಕೊಲೆಯೊಂದುಂಟು. 1830ರ ಏಪ್ರಿಲ್ 6ರ ರಾತ್ರಿ ಮಸಾಚುಸೆಟ್ಸ್ ಸಂಸ್ಥಾನದ ಸೇಲಂ ಪಟ್ಟಣದಲ್ಲಿ ಜೋಸೆಫ್ ವೈಟ್ ಎಂಬ 82 ವರ್ಷದ ಧನಿಕನು ಹಾಸಿಗೆಯಲ್ಲಿಯೇ ಹತನಾದನು. ಆರೋಪಿಗಳ ವಿರುದ್ಧ ವಾದಿಸಿದ ಪ್ರಸಿದ್ಧ ವಾಗ್ಮಿ ಡೇನಿಯಲ್ ವೆಬ್‌ಸ್ಟರನು, ಕೊಲೆಯ ರಹಸ್ಯವು ಕೊಲೆಗಾರನ ಎದೆಯಲ್ಲಿ ಅಡಗಿರಲಾರದು, ಕಡೆಗೆ ಅದೇ ಅವನಿಗೆ ಒಡೆಯನಾಗುವುದೆಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. ವೆಬ್‌ಸ್ಟರನ ವಾದದಲ್ಲಿ ಇದು ಧರ್ಮದ ಜಯ. ಪೋನ ಕಥೆಯಲ್ಲಿ ಅಂತಹ ಸಮಾಧಾನವಿಲ್ಲ. ಅವನ ಕೊಲೆಗಾರನು ಸತ್ತವನಿಗಾಗಿ ಒಮ್ಮೆಯೂ ಮರುಗುವುದಿಲ್ಲ. ಪಶ್ಚಾತ್ತಾಪದ ಮಾತೊಂದೂ ಇಲ್ಲದೆಯೇ ತಪ್ಪೊಪ್ಪಿಗೆಯು ಹೊರಬೀಳುವುದು.

ಕಥೆ ಅಚ್ಚಾದ ತಿಂಗಳಲ್ಲಿಯೇ, ಜನವರಿ 20ರಂದು, ಲಂಡನ್ನಿನಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬ ಮರಗೆಲಸದವನು ಪ್ರಧಾನಮಂತ್ರಿ ರಾಬರ್ಟ್ ಪೀಲನ ಕಾರ್ಯದರ್ಶಿಯಾದ ಎಡ್ವರ್ಡ್ ಡ್ರಮಂಡನಿಗೆ ಗುಂಡು ಹೊಡೆದನು. ಐದು ದಿನಗಳಲ್ಲಿ ಡ್ರಮಂಡನು ಸತ್ತನು. ಟೋರಿ ಪಕ್ಷದವರು ತನ್ನನ್ನು ಬೆನ್ನಟ್ಟಿ ಪೀಡಿಸುತ್ತಿರುವರೆಂಬ ಭ್ರಾಂತಿಯು ಆತನಿಗಿದ್ದಿತು. ಉನ್ಮಾದದ ಕಾರಣದಿಂದ ನಿರ್ದೋಷಿಯೆಂದು ಮಾರ್ಚಿಯಲ್ಲಿ ತೀರ್ಪಾಗಲು ಜನರು ಕೆರಳಿದರು. ವಿಕ್ಟೋರಿಯಾ ರಾಣಿಯೂ ಅಸಮಾಧಾನಗೊಂಡಳು. ಪ್ರಭುಸಭೆಯು ನ್ಯಾಯಾಧೀಶರನ್ನು ಪ್ರಶ್ನಿಸಿತು. ಮನೋರೋಗದಿಂದ ತನ್ನ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯದಿದ್ದವನಿಗೆ ಮಾತ್ರ ಈ ವಿನಾಯಿತಿಯೆಂದು ಅವರು ಜೂನಿನಲ್ಲಿ ಉತ್ತರವಿತ್ತರು. ಇದೇ ತತ್ತ್ವವು 1860ರ ಭಾರತ ದಂಡಸಂಹಿತೆಯ 84ನೆಯ ಕಲಮಾಗಿ ನಮ್ಮ ದೇಶಕ್ಕೂ ಬಂದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿ ಮುಂದುವರಿದಿದೆ.

ಪೋನು ತನ್ನ ಕಥೆಯನ್ನು ಬರೆದಾಗ ಮ್ಯಾಕ್‌ನಾಟನನ ಪ್ರಕರಣವು ನಡೆದಿರಲಿಲ್ಲ. ಆದಕಾರಣ ಒಂದು ಇನ್ನೊಂದರ ಅನುಕರಣವಲ್ಲ. ಆದರೂ ನ್ಯಾಯಾಧೀಶರ ಅಳತೆಗೋಲನ್ನು ಈ ಕಥೆಗೆ ಹಿಡಿದು ನೋಡೋಣ. ಶವವನ್ನು ಅಡಗಿಸಿದವನು ತನ್ನ ಕೃತ್ಯವನ್ನು ಅರಿತಿದ್ದನು, ಆದುದರಿಂದ ಅಪರಾಧಿ. ಸತ್ತವನ ಎದೆಬಡಿತವನ್ನು ಕೇಳಿದವನು ಹುಚ್ಚನಲ್ಲವೆನ್ನುವುದು ಹೇಗೆ? ಅರಿವೂ ಉನ್ಮಾದವೂ ಒಂದೇ ಎದೆಯಲ್ಲಿ ಕೂಡಿ ಬಾಳಬಲ್ಲವೆಂಬುದನ್ನು ಕಾನೂನು ಅಳೆಯಲು ಕಷ್ಟಪಡುವುದು. ಕಥೆಯು ಅದನ್ನು ನಮ್ಮ ಮುಂದೆ ನಿಲ್ಲಿಸುವುದು.

ಅದೇ ವರ್ಷದ ಆಗಸ್ಟಿನಲ್ಲಿ ಪ್ರಕಟವಾದ 'ಕರಿಯ ಬೆಕ್ಕು' ಇದನ್ನು ಮತ್ತೊಂದು ಬಗೆಯಲ್ಲಿ ತೋರಿಸುವುದು. ಕುಡಿತದಿಂದ ಕೆಟ್ಟ ಗೃಹಸ್ಥನೊಬ್ಬನು ಹೆಂಡತಿಯನ್ನು ಕೊಡಲಿಯಿಂದ ಕಡಿದು, ನೆಲಮಾಳಿಗೆಯ ಗೋಡೆಯೊಳಗೆ ಶವವನ್ನಿಟ್ಟು ಮುಚ್ಚುವನು. ಹುಡುಕಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ಪೋಲೀಸಿನವರ ಮುಂದೆ, ಗೋಡೆ ಎಷ್ಟು ಭದ್ರವೆಂದು ಜಂಬದಿಂದ ಬೆತ್ತದಲ್ಲಿ ಬಡಿಯುವನು. ಶವದೊಡನೆ ತಿಳಿಯದೆ ಮುಚ್ಚಿಹೋಗಿದ್ದ ಬೆಕ್ಕು ಒಳಗಿನಿಂದ ಕೂಗುವುದು. ಇಲ್ಲಿ ಸದ್ದು ಭ್ರಾಂತಿಯಲ್ಲ, ಎಲ್ಲರಿಗೂ ಕೇಳಿತು; ಆದರೆ ಅದನ್ನು ಕೆರಳಿಸಿದ ಕೈ ಅವನದೇ.

ಮೊದಲನೆಯ ಕಥೆಯನ್ನು ನಾನು ಮೇಲಿನ ತರಗತಿಯಲ್ಲಿ ಕನ್ನಡಿಸಿ ಹೇಳುತ್ತಿದ್ದೆನು. ಒಮ್ಮೆ ಹುಡುಗನೊಬ್ಬನು ಎದ್ದು, "ಮೇಷ್ಟ್ರೇ, ಬಡಿದುಕೊಂಡದ್ದು ಯಾರ ಹೃದಯ?" ಎಂದು ಕೇಳಿದನು. ಮುದುಕನದೆಂದರೆ ಕೊಲೆಗಾರನು ಹುಚ್ಚನು. ಅವನದೇ ಎದೆಯೆಂದರೆ ಭಯದಿಂದ ನಡುಗಿದ ಪಾತಕಿ. ಎರಡರಲ್ಲಿ ಒಂದನ್ನು ಆರಿಸದೆ ನ್ಯಾಯಾಧೀಶನಿಗೆ ಗತಿಯಿಲ್ಲ. ಒಬ್ಬ ಮನುಷ್ಯನ ಪ್ರಾಣವು ಆ ಆಯ್ಕೆಯಲ್ಲಿ ತೂಗುತ್ತಿರುವುದು. ಮೇಷ್ಟರಿಗೆ ಆ ನಿರ್ಬಂಧವಿಲ್ಲದುದರಿಂದ ನಾನು ಆ ದಿನ ಕಥೆಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆನು.