ಕುಲಕರ್ಣಿ ದಫ್ತರದಿಂದ ಗಣಕಯಂತ್ರದವರೆಗೆ

‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳೆ ಬರ್ರಿ.’ ನಮ್ಮ ಭಾಗದ ಸರ್ಕಾರಿ ಕಚೇರಿಯ ಕಟ್ಟೆಯ ಮೇಲೆ ಅರ್ಧ ದಿನ ಕುಳಿತವರಿಗೆ ಈ ಮಾತು ಹೊಸದಲ್ಲ. ಈ ‘ನಾಳೆ’ಗೂ ಒಂದು ಇತಿಹಾಸವಿದೆ.

ಗುಡೂರನ್ನೇ ತೆಗೆದುಕೊಳ್ಳಿ. ಈ ಭಾಗದ ಜಿಲ್ಲಾ ಕಚೇರಿ ಒಂದು ಕಾಲಕ್ಕೆ ಕಲಾದಗಿಯಲ್ಲಿತ್ತು. 1885ರಲ್ಲಿ ಅದು ವಿಜಾಪುರಕ್ಕೆ ಹೋಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಹುನಗುಂದ ತಾಲೂಕಿನಲ್ಲಿದ್ದ ಊರು ಈಗ ಇಳಕಲ್ ತಾಲೂಕಿಗೆ ಸೇರಿದೆ. ಕಚೇರಿಯೇನೋ ಹತ್ತಿರ ಬಂದಿತು. ಉತ್ತರ ಹೇಳುವವರು ಹತ್ತಿರ ಬಂದರೇ?

ಮುಂಬಯಿ ಪ್ರಾಂತದ ಆಡಳಿತದಲ್ಲಿ ಊರಿಗೆ ಗೌಡ, ಲೆಕ್ಕಕ್ಕೆ ಕುಲಕರ್ಣಿ. ಎರಡೂ ವಂಶಪಾರಂಪರ್ಯ ವತನಗಳು. ದಫ್ತರ ಇರುತ್ತಿದ್ದುದು ಕುಲಕರ್ಣಿಯ ಮನೆಯಲ್ಲಿ. ಹಳೆಯ ಕಾಗದಗಳೆಷ್ಟೋ ಮೋಡಿ ಲಿಪಿಯಲ್ಲಿದ್ದವು. ಹೊಲ ರೈತನದು, ಅದರ ಲೆಕ್ಕ ಓದುವ ವಿದ್ಯೆ ಮಾತ್ರ ಬೇರೆಯವರದು. 1903ರಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದ ಮೇಲೂ ಬರೆಯುವ ಕೈ ಬದಲಾಗಲಿಲ್ಲ.

ಸ್ವಾತಂತ್ರ್ಯಾನಂತರ ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಕುಲಕರ್ಣಿ ವತನ ರದ್ದುಮಾಡಿತು. ಸಂಬಳದ ತಲಾಟಿ ಬಂದರು. ಏಕೀಕರಣದ ಬಳಿಕ 1961ರ ಕಾಯ್ದೆ ಉಳಿದ ಗ್ರಾಮಾಧಿಕಾರಗಳನ್ನೂ ತೆಗೆಯಿತು. ಇದು ದೊಡ್ಡ ಸುಧಾರಣೆಯೇ ಸರಿ. ಆದರೆ ಕುಲಕರ್ಣಿ ಊರಲ್ಲೇ ಇರುತ್ತಿದ್ದ, ತಪ್ಪಿದರೆ ಚಾವಡಿಯಲ್ಲಿ ನಾಲ್ಕು ಜನ ಕೇಳಬಹುದಿತ್ತು. ತಲಾಟಿ ಉತ್ತರ ಹೇಳಬೇಕಾದುದು ಮೇಲಿನವರಿಗೆ. ಊರಿಗೆ ಅವರು ವರ್ಗವಾಗಿ ಬರುವವರು, ವರ್ಗವಾಗಿ ಹೋಗುವವರು.

ಉತಾರ ಒಂದು ಹಾಳೆ ಮಾತ್ರವಲ್ಲ. ತಂದೆ ತೀರಿಕೊಂಡು ವಾರಸಾ ದಾಖಲಾಗದಿದ್ದರೆ ಮಗನಿಗೆ ಬೆಳೆಸಾಲ ಸಿಗುವುದು ಕಷ್ಟ. ಬಿತ್ತನೆಯ ಹದ ಮಾತ್ರ ಕಚೇರಿಗಾಗಿ ಕಾಯುವುದಿಲ್ಲ.

2000ದ ಹೊತ್ತಿಗೆ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂದಿತು. ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಆಗ ತಾಲೂಕಿನ ಕಿಂಡಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಅದಕ್ಕಿಂತ ಮಹತ್ವದ ಸಂಗತಿ ಇನ್ನೊಂದಿತ್ತು: ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು, ಮಾಡಿದವರ ಬೆರಳಚ್ಚು ಯಂತ್ರದಲ್ಲಿ ಉಳಿಯಬೇಕು. ಅಂದರೆ ಯಾರ ಮೇಜಿನ ಮೇಲೆ ಕೆಲಸ ನಿಂತಿದೆ ಎಂಬುದಕ್ಕೆ ಮೊದಲ ಬಾರಿಗೆ ಗುರುತು ಸಿಕ್ಕಿತು.

ಮುಂದಿನ ಹೆಜ್ಜೆ ‘ಸಕಾಲ’. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿ. ಪ್ರತಿ ಸೇವೆಗೂ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ಹೊಣೆಗಾರ ನೌಕರರ ಸಂಬಳದಿಂದ. ಮೊತ್ತ ಸಣ್ಣದಾದರೂ ವಿಳಂಬ ತಪ್ಪು, ತಪ್ಪಿಗೆ ಹೆಸರಿದೆ ಎಂದು ಕಾನೂನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಆದರೂ ಕಿಂಡಿ ಪೂರ್ತಿ ತೆರೆದಿಲ್ಲ. ಗಡುವಿನ ಅಂಚಿಗೆ ‘ದಾಖಲೆ ಸಾಲದು’ ಎಂದು ಅರ್ಜಿ ತಿರಸ್ಕರಿಸಿದರೆ ಲೆಕ್ಕದಲ್ಲಿ ವಿಳಂಬವೇ ಇಲ್ಲ! ಪರಿಹಾರ ಬೇಕೆಂದರೆ ಮೇಲ್ಮನವಿಗೆ ಮತ್ತೆ ಓಡಾಡಬೇಕು. ಐನೂರು ರೂಪಾಯಿಗಾಗಿ ಎಷ್ಟು ದಿನದ ಕೂಲಿ ಬಿಡುವುದು? ನಾಳೆ ಅದೇ ಮೇಜಿಗೆ ಬರಬೇಕಲ್ಲ ಎಂಬ ಅಂಜಿಕೆಯೂ ಉಂಟು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ವತನ ಹೋಯಿತು, ಮೋಡಿ ಹೋಯಿತು, ದಫ್ತರವೂ ಹೋಯಿತು. ಅರ್ಜಿ ಕೊಟ್ಟಾಗ ಸಕಾಲದ ಸಂಖ್ಯೆಯ ಸ್ವೀಕೃತಿ ಕೇಳಿ ಪಡೆಯುವುದು ರೈತನ ಕೈಯಲ್ಲಿದೆ. ‘ನಾಳೆ ಬರ್ರಿ’ ಎಂದವರಿಗೆ ‘ಯಾವ ತಾರೀಖು?’ ಎಂದು ಕೇಳಲು ಆ ಚೀಟಿಯೇ ಆಧಾರ.