ಒಂದು ಸೆಂಟಿಮೀಟರಿನ ಹಳಿ

2014ರಲ್ಲಿ ನಮ್ಮ ಶಾಲೆಯ ಇತಿಹಾಸ ಸಂಘದ ಮಕ್ಕಳು ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ರೈಲುಮಾರ್ಗದ ಮಾದರಿಯನ್ನು ಮಾಡಹೊರಟರು. ಮೀಟರ್‌ಗೇಜ್ ಹಳಿಗಳು ಅದಾಗಲೇ ಕಣ್ಮರೆಯಾಗಿ, ಅದೇ ಹಾದಿಯಲ್ಲಿ ಬ್ರಾಡ್‌ಗೇಜ್ ಬಂದಿತ್ತು. ಹಳಿಯೇ ಇಲ್ಲದ ತಾಲ್ಲೂಕುಗಳ ಮಕ್ಕಳಿಗೆ ಇದೇಕೆಂದು ಸಹೋದ್ಯೋಗಿಗಳು ನಕ್ಕದ್ದುಂಟು. ಆದರೆ ಶಿಕಾರಿಪುರದವರು ಆನಂದಪುರಕ್ಕೋ, ಸೊರಬದವರು ಸಾಗರಕ್ಕೋ ಹೋಗಿ ಬಂಡಿ ಹತ್ತುತ್ತಿದ್ದರಲ್ಲ! ಅದು ನಮ್ಮದೂ ಆಗಿತ್ತು.

ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ಬಂದಿದ್ದ ರೈಲು, ಮುಂದಿನ ಶತಮಾನದಲ್ಲಿ ಕುಂಸಿ, ಅರಸಾಳುಗಳ ಕಾಡನ್ನು ಹಾದು, ಜೋಗದ ಹಾದಿಯ ತಾಳಗುಪ್ಪವನ್ನು ಮುಟ್ಟಿತು. ಶಂಕರನಾಗರ ‘ಮಾಲ್ಗುಡಿ ಡೇಸ್’ನಿಂದ ಅರಸಾಳು ನಿಲ್ದಾಣ ದೇಶಕ್ಕೆಲ್ಲ ಪರಿಚಿತವಾಯಿತು. ಕೊನೆಗಾಲದಲ್ಲಿ ಈ ಹಳಿಯ ಮೇಲೆ ಓಡಿದ್ದು ರೈಲ್‌ಬಸ್. ನಿಮ್ಮಲ್ಲಿ ಕೆಲವರಾದರೂ ಅದರಲ್ಲಿ ಕುಳಿತಿರಬೇಕು.

ನೂರರಲ್ಲೊಂದು ಅಳತೆಯ ಮಾದರಿ. ನಾನು ಸಾಗರದಲ್ಲಿ ಹಳಿ ಅಳೆದು ತಂದು, ಬಿದಿರುಕಡ್ಡಿಗಳ ನಡುವೆ ಒಂದೂಮುಕ್ಕಾಲು ಸೆಂಟಿಮೀಟರ್ ಅಂತರವಿಡಿಸಿದ್ದೆ. ಪ್ರದರ್ಶನದ ಮುನ್ನಾದಿನ ನೋಡಬಂದ ನಿವೃತ್ತ ಗ್ಯಾಂಗ್‌ಮನ್ ಒಬ್ಬರು, “ಮೇಷ್ಟ್ರೇ, ಇದು ಈಗಿನ ಹಳಿಯಲ್ಲವೆ?” ಎಂದರು. ನಾನು ಅಳೆದದ್ದು 1,676 ಮಿಲಿಮೀಟರಿನ ಬ್ರಾಡ್‌ಗೇಜ್, ಹೋದದ್ದು 1,000ದ್ದು. ಮಾದರಿಯಲ್ಲಿ ಅದು ಒಂದೇ ಸೆಂಟಿಮೀಟರ್ ಇರಬೇಕಿತ್ತು. ಉಳಿಸಹೊರಟದ್ದನ್ನೇ ಇತಿಹಾಸದ ಮೇಷ್ಟ್ರು ಅಳಿಸಿದ್ದೆ.

ಮಕ್ಕಳೆದುರು ತಪ್ಪೊಪ್ಪಿಕೊಂಡೆ. ಆ ಹಿರಿಯರೂ ನೆಲದ ಮೇಲೆ ಕುಳಿತರು. ಕತ್ತಲಾಗುವವರೆಗೆ ಹಳಿ ಕಿತ್ತು ಮತ್ತೆ ಕೂರಿಸಿದೆವು. ಮಿಕ್ಕ ಕಡ್ಡಿಗಳಿಂದ ಸೊರಬದ ಕಡೆಯ ಹುಡುಗನೊಬ್ಬ, ಯಾರ ಅಪ್ಪಣೆಯನ್ನೂ ಕೇಳದೆ, ಸಾಗರದಿಂದ ತನ್ನೂರಿಗೊಂದು ಹಳಿ ಹಾಕಿಬಿಟ್ಟಿದ್ದ. ಅದನ್ನು ನಾನು ತೆಗೆಸಲಿಲ್ಲ.