ಪುದುಕ್ಕೋಟ್ಟೈನಲ್ಲಿ ಬೆಲ್ ಬಾರಿಸಿದ ಹೆಂಗಸರು



ಮೈಕಿನ ಮುಂದೆ ಕೂತು ನಿಮ್ಮೊಂದಿಗೆ ಹರಟುವ ನಾನು ಈ ಸಲ ಪೆನ್ನು ಹಿಡಿದಿದ್ದೇನೆ. ವಿಷಯ ಸೈಕಲ್ಲು. ನಗಬೇಡಿ. ಚೆನ್ನೈನ ಈ ಟ್ರಾಫಿಕ್ಕಿನಲ್ಲಿ ಸೈಕಲ್ಲಿನ ಮಾತೇಕೆ ಅಂತ ನೀವು ಕೇಳಬಹುದು. ಆದರೆ ನಿಮ್ಮಲ್ಲಿ ಬಹಳ ಮಂದಿ ಊರಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದವರೇ ಅಲ್ಲವೇ? ಮಂಡಿ ತರಚಿಕೊಂಡದ್ದು, ಗಂಟೆ ಮುಗಿಯಿತೇನೋ ಎಂದು ಅಂಗಡಿಯವನ ಗಡಿಯಾರಕ್ಕೆ ಹೆದರಿದ್ದು ಎಲ್ಲಾ ನೆನಪಿರಬೇಕು. ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಕೂತರೆ ಹಿಂದಿನ ಚಕ್ರದಿಂದ ಟಿಕ್ ಟಿಕ್ ಅಂತ ಒಂದು ಸದ್ದು ಬರುತ್ತದೆ. ಅಷ್ಟು ಸಣ್ಣ ಸದ್ದಿನಲ್ಲಿ ಅಷ್ಟು ದೊಡ್ಡ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ರೇಡಿಯೋದವಳು ಹೇಳುತ್ತಿದ್ದೇನೆ, ನಂಬಿ!

ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಅಣ್ಣ ಕಲಿತ, ಅವನ ಹಿಂದೆ ಹಟ ಹಿಡಿದು ನಾನೂ ಕಲಿತೆ. ಅಮ್ಮ ಕಲಿಯಲಿಲ್ಲ. ಹುಡುಗಿಯಾಗಿದ್ದಾಗ ಆಸೆಯಿತ್ತಂತೆ. "ನೋಡಿದವರು ಏನಂದಾರು?" ಎಂದು ಅಜ್ಜಿ ಗದರಿದರಂತೆ. ಮಾತು ಅಲ್ಲಿಗೇ ಮುಗಿಯಿತು.

ಈ "ನೋಡಿದವರು ಏನಂದಾರು" ಎನ್ನುವುದು ನಮ್ಮ ಅಜ್ಜಿಯ ಸ್ವಂತ ಮಾತೇನಲ್ಲ, ಸೈಕಲ್ಲಿನಷ್ಟೇ ಲೋಕ ಸುತ್ತಿದ ಮಾತು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಚಕ್ರದ ಗಾಡಿಗೆ ಪೆಡಲ್ಲೇ ಇರಲಿಲ್ಲ, ನೆಲಕ್ಕೆ ಕಾಲು ಒದ್ದುಕೊಂಡು ಓಡಿಸಬೇಕಿತ್ತು. ಆಮೇಲೆ ಬಂದ ಆಳೆತ್ತರದ ಮುಂಚಕ್ರದ ಸೈಕಲ್ ಹತ್ತುವುದು ಗಂಡಸರಿಗೇ ಒಂದು ಸಾಹಸ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ, ಹಿಂದಿನ ಚಕ್ರಕ್ಕೆ ಚೈನು ಹಾಕಿದ ಸೈಕಲ್ ತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ನಾವು ಇವತ್ತು ತುಳಿಯುವುದು ಹೆಚ್ಚುಕಡಿಮೆ ಅದನ್ನೇ. ಯುರೋಪು, ಅಮೆರಿಕಾದ ಹೆಂಗಸರು ಅದನ್ನೇರಿ ಹೊರಟಾಗ ಅಲ್ಲೂ ಗೇಲಿ ಕಡಿಮೆಯಿರಲಿಲ್ಲ. ಸೂಸನ್ ಬಿ. ಆಂಟನಿಯಂಥ ಹೋರಾಟಗಾರ್ತಿ ಮಾತ್ರ 1896ರಲ್ಲೇ ಹೆಣ್ಣಿನ ಬಿಡುಗಡೆಗೆ ಸೈಕಲ್ಲಿನಷ್ಟು ನೆರವಾದದ್ದು ಇನ್ನೊಂದಿಲ್ಲ ಎಂಬರ್ಥದ ಮಾತಾಡಿದ್ದರು.

ನಮ್ಮ ದೇಶಕ್ಕೆ ಸೈಕಲ್ ಬಂದದ್ದು ಸಾಹೇಬರ ವಸ್ತುವಾಗಿ. ನಿಧಾನಕ್ಕೆ ಅದು ಮೇಷ್ಟರ, ಅಂಚೆಯಣ್ಣನ, ಹಾಲಿನವನ ಗಾಡಿಯಾಯಿತು. ಇದೇ ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್ ಕಂಪನಿ ಹುಟ್ಟಿತು. ಅದರ ಅಂಬತ್ತೂರಿನ ಕಾರ್ಖಾನೆಯ ಹರ್ಕ್ಯುಲಿಸ್, ಬಿ.ಎಸ್.ಎ. ಸೈಕಲ್ಲುಗಳು ದಕ್ಷಿಣದ ಮನೆಮನೆಗೂ ಹೋದವು. ಮನೆಗೆ ಬಂತು ನಿಜ, ಹ್ಯಾಂಡಲ್ ಮಾತ್ರ ಗಂಡಸರ ಕೈಯಲ್ಲೇ ಉಳಿಯಿತು. ಹೆಂಗಸರಿಗೆ ಸಿಕ್ಕಿದ್ದು ಕ್ಯಾರಿಯರ್.

ಈಗ ನನ್ನ ಜೊತೆ ಪುದುಕ್ಕೋಟ್ಟೈಗೆ ಬನ್ನಿ. ತಿರುಚ್ಚಿಯಿಂದ ದಕ್ಷಿಣಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. ಒಂದು ಕಾಲದ ಸಂಸ್ಥಾನ, 1974ರಿಂದ ಪ್ರತ್ಯೇಕ ಜಿಲ್ಲೆ. ಒಣ ಭೂಮಿ, ಬಡತನ. 1991ರಲ್ಲಿ ಅಲ್ಲಿ 'ಅರಿವೊಳಿ' ಎಂಬ ಸಾಕ್ಷರತಾ ಚಳವಳಿ ಶುರುವಾಯಿತು. ಅರಿವಿನ ಬೆಳಕು ಅಂತ ಅರ್ಥ, ನಮ್ಮ ಕನ್ನಡದ ಕಿವಿಗೆ ಬಿಡಿಸಿ ಹೇಳಬೇಕಿಲ್ಲ. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಅಕ್ಷರ ಕಲಿಸಲು ಹಳ್ಳಿಯಿಂದ ಹಳ್ಳಿಗೆ ಓಡಾಡಬೇಕಾದ ಕಾರ್ಯಕರ್ತೆಯರು ಬಸ್ಸಿಗೆ ಕಾಯುತ್ತಾ ಕೂತರೆ ಪಾಠವೆಲ್ಲಿ ನಡೆದೀತು? ಅವರು ಸೈಕಲ್ ಕಲಿಯುವುದನ್ನೇ ಚಳವಳಿಯ ಭಾಗವನ್ನಾಗಿ ಮಾಡಿದರು, ಕೊಳ್ಳಲು ಬ್ಯಾಂಕ್ ಸಾಲಕ್ಕೂ ಏರ್ಪಾಟು ಮಾಡಿಸಿದರು.

ಆಮೇಲೆ ಅದು ಕಾರ್ಯಕರ್ತೆಯರ ಮಟ್ಟಕ್ಕೆ ನಿಲ್ಲಲಿಲ್ಲ. ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು, ನರ್ಸುಗಳು, ಶಾಲಾ ಟೀಚರುಗಳು ಎಲ್ಲರೂ ಬಂದರು. ಭಾನುವಾರ ತರಬೇತಿ ಶಿಬಿರ. ಕಲಿತವಳು ಇನ್ನೊಬ್ಬಳ ಸೀಟು ಹಿಡಿದು ಹಿಂದೆ ಓಡಬೇಕು. ಸೈಕಲ್ ಕಲಿಕೆಗೆಂದೇ ಹಾಡೂ ಕಟ್ಟಿದರು. ತುಂಬಾ ಉತ್ಸಾಹ ತೋರಿದವರಲ್ಲಿ ಕುಡುಮಿಯಾನ್‌ಮಲೈ ಕ್ವಾರಿಯ ಹೆಂಗಸರಿದ್ದರು. (ಸಂಗೀತಪ್ರಿಯರೇ, ಬಂಡೆಯ ಮೇಲೆ ಸ್ವರಗಳನ್ನು ಕೆತ್ತಿದ ಪ್ರಾಚೀನ ಸಂಗೀತ ಶಾಸನದ ಊರು ಇದೇ!) ದಾರಿಯಲ್ಲಿ ನಿಂತು ಕೊಳಕು ಮಾತಾಡುವ ಗಂಡಸರು ಇದ್ದೇ ಇದ್ದರು. ಇವರು ಬೆಲ್ ಬಾರಿಸಿಕೊಂಡು ಮುಂದೆ ಹೋದರು.

1992ರ ಮಹಿಳಾ ದಿನಾಚರಣೆಯಲ್ಲಿ ಹ್ಯಾಂಡಲ್ಲಿಗೆ ಬಾವುಟ ಕಟ್ಟಿಕೊಂಡು 1,500ಕ್ಕೂ ಹೆಚ್ಚು ಹೆಂಗಸರು ಪುದುಕ್ಕೋಟ್ಟೈ ಪಟ್ಟಣಕ್ಕೆ ನುಗ್ಗಿದರು. ಒಟ್ಟು ಕಲಿತವರು ಲಕ್ಷಕ್ಕೂ ಮಿಗಿಲು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಅಂಗಡಿಗಳಲ್ಲಿ ಲೇಡೀಸ್ ಸೈಕಲ್ ಸಾಲದಾಯಿತು. ಸಿಗದವರು ಜೆಂಟ್ಸ್ ಸೈಕಲ್ಲನ್ನೇ ಕೊಂಡರು, ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ ಎಂದು ಕೆಲವರಿಗೆ ಅದೇ ಮೆಚ್ಚುಗೆಯೂ ಆಯಿತು. ಬಾರಿಗೆ ಇಂಥದೊಂದು ಉಪಯೋಗವಿದೆ ಎಂಬುದು ತಾಯಂದಿರ ಕಣ್ಣಿಗೇ ಬೀಳಬೇಕು, ನೋಡಿ.

ಲಾಭವೂ ಇತ್ತು. ಬಸ್ಸಿಗೆ ಕಾಯಬೇಕಿಲ್ಲ, ಬಸ್‌ಸ್ಟಾಪಿನ ತನಕ ಬಿಟ್ಟುಬರಲು ಗಂಡನನ್ನೋ ಮಗನನ್ನೋ ಬೇಡಬೇಕಿಲ್ಲ. ಬೆಳೆದದ್ದನ್ನು ಇನ್ನೂ ನಾಲ್ಕು ಹಳ್ಳಿಯಲ್ಲಿ ಮಾರಬಹುದು. ನೀರಿನ ಕೊಡ ಸೊಂಟದಿಂದ ಕ್ಯಾರಿಯರಿಗೆ ಇಳಿಯಿತು. ಆದರೆ ಬರೀ ಲಾಭಕ್ಕೆ ಯಾರಾದರೂ ಬಾವುಟ ಕಟ್ಟುತ್ತಾರೆಯೇ? ಎಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಸಾರ್ವಜನಿಕ ಪ್ರದರ್ಶನ, ಸ್ಪರ್ಧೆಗಳಲ್ಲಿ ಸೈಕಲ್ ಓಡಿಸಿ ತೋರಿಸಿದರು. ಅದಕ್ಕೆ ಕೂಲಿಯೇನೂ ಇರಲಿಲ್ಲ. ನನಗೆ ಅನಿಸುವುದು, ನಾನು ಇಳಿಜಾರಿನಲ್ಲಿ ಕೇಳಿದ ಆ ಟಿಕ್ ಟಿಕ್ ಅವರಿಗೂ ಕೇಳಿಸಿರಬೇಕು. ಎಷ್ಟೋ ಜನರಿಗೆ ಮೊಟ್ಟಮೊದಲ ಸಲ.

ಸಾಯಿನಾಥರ ಪುಸ್ತಕ ಜಿ.ಎನ್. ಮೋಹನ್ ಅವರ ಅನುವಾದದಲ್ಲಿ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಕನ್ನಡಕ್ಕೆ ಬಂದಿದೆ. ಇತ್ತೀಚೆಗೆ ಅಮ್ಮ ಇಲ್ಲಿಗೆ ಬಂದಿದ್ದಾಗ ಪುದುಕ್ಕೋಟ್ಟೈನ ಈ ಕಥೆಯನ್ನು ಅವರಿಗೆ ಹೇಳಿದೆ. ಮಾತಿಲ್ಲದೆ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ಅಲ್ಲ ಕಣೇ, ಸೀರೆ ಚೈನಿಗೆ ಸಿಕ್ಕಿಕೊಳ್ತಿರಲಿಲ್ವಾ?"

ಚೈನಿಗೆ ಕವರ್ ಇರುತ್ತದೆ ಎಂದೆ. ಸಂಜೆ ನೋಡಿದರೆ ಅಮ್ಮ ಕೆಳಗೆ ನಮ್ಮ ಫ್ಲಾಟಿನ ಸೈಕಲ್ ಸ್ಟ್ಯಾಂಡಿನಲ್ಲಿ ಬಗ್ಗಿ ನಿಂತು, ಪಕ್ಕದ ಮನೆ ಹುಡುಗಿಯ ಸೈಕಲ್ಲಿನ ಚೈನ್ ಕವರನ್ನು ಪರೀಕ್ಷೆ ಮಾಡುತ್ತಿದ್ದರು. ನಾನು ಕಂಡದ್ದು ಗೊತ್ತಾಗಿ ಒಂದು ಸಲ ಬೆಲ್ ಒತ್ತಿ ಮೇಲೆ ಬಂದುಬಿಟ್ಟರು. ಅವರಿಗೀಗ ಅರವತ್ತೆರಡು. ಮುಂದಿನ ಸಲ ಬಂದಾಗ ಸೀಟು ಹಿಡಿದು ಹಿಂದೆ ಓಡಲು ನಾನು ತಯಾರಿದ್ದೇನೆ.

ನಿಮ್ಮ ಸೀಟು ಹಿಡಿದು ಓಡಿದವರು ಯಾರು, ಯಾವ ರಸ್ತೆಯಲ್ಲಿ? ಬರೆದು ಕಳಿಸಿ. ಕಾರ್ಯಕ್ರಮದಲ್ಲಿ ಓದುತ್ತೇನೆ.